ಖಿನ್ನತೆ ಇರುವವರಿಗೆ ನಡೆಯದೇ ಇದ್ದ ಕಹಿ ಸಂಗತಿಯೂ ನೆನಪಾಗುವುದು ಯಾಕೆ?

ಅವರು ಸುಳ್ಳು ಹೇಳುತ್ತಿಲ್ಲ. ಮನಸ್ಸು ಕುಗ್ಗಿದಾಗ ಮೆದುಳು ನೆನಪಿನ ಖಾಲಿ ಜಾಗವನ್ನು ಬೇಸರದಿಂದಲೇ ತುಂಬುತ್ತದೆ. ಹಾಗಾಗಿ ತಪ್ಪು ನೆನಪುಗಳೂ ಕಹಿಯಾಗಿರುವುದೇ ಜಾಸ್ತಿ.

ನೆನಪು ವಿಡಿಯೋ ಅಲ್ಲ, ಪ್ರತಿ ಸಲ ಹೊಸದಾಗಿ ಜೋಡಿಸಿಕೊಳ್ಳುವಂಥದ್ದು. ಇದನ್ನು ತೋರಿಸುವ ಒಂದು ಪ್ರಯೋಗವನ್ನು 1995ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಮೆಕ್‌ಡರ್ಮಟ್ ಹೆಸರುವಾಸಿ ಮಾಡಿದರು. ‘ಕಣ್ಣೀರು, ಸೋಲು, ಒಂಟಿತನ, ಅಳು’ ಅಂತ ಒಂದು ಪಟ್ಟಿ ಓದುತ್ತಾರೆ ಅನ್ನಿ. ಆಮೇಲೆ ಕೇಳಿದರೆ, ಪಟ್ಟಿಯಲ್ಲಿ ಇಲ್ಲದ ‘ದುಃಖ’ವೂ ಇತ್ತು ಅಂತ ಅನೇಕರು ಗಟ್ಟಿಯಾಗಿ ಹೇಳುತ್ತಾರೆ. ಒಂದು ಪದ ತನ್ನ ನೆಂಟ ಪದಗಳನ್ನೂ ಎಬ್ಬಿಸುತ್ತದೆ, ಅದಕ್ಕೇ. ಈ ತಪ್ಪು ಎಲ್ಲರಿಗೂ ಆಗುತ್ತದೆ. ಆದರೆ ಖಿನ್ನತೆಯಲ್ಲಿ ದಿನವಿಡೀ ನೋವನ್ನೇ ಮೆಲುಕು ಹಾಕಿ ಹಾಕಿ, ದುಃಖದ ಪದಗಳು ಮೊದಲೇ ಅರ್ಧ ಎಚ್ಚರವಾಗಿರುತ್ತವೆ.

ಹಾಗಂತ ಅವರ ಕಹಿ ನೆನಪೆಲ್ಲ ಸುಳ್ಳು ಅನ್ನಬೇಡಿ, ದಯವಿಟ್ಟು. ಸಾಮಾನ್ಯವಾಗಿ ಘಟನೆ ನಿಜವೇ, ಸೇರಿಕೊಳ್ಳುವುದು ಅದರ ಅರ್ಥ. ನಮ್ಮ ದಾವಣಗೆರೆಯಲ್ಲಿ ಗೆಳತಿಯ ಜೊತೆ ಬೆಣ್ಣೆ ದೋಸೆ ತಿನ್ನಲು ಹೋಗಿದ್ದಿರಿ ಅನ್ನಿ. ಅವಳು ಸುಮ್ನೆ ಫೋನ್ ನೋಡಿ ನಕ್ಕಳು. ವಾರ ಕಳೆದ ಮೇಲೆ, ‘ನಾನು ಎರಡನೇ ದೋಸೆ ಹೇಳಿದಾಗ ನನ್ನನ್ನೇ ನೋಡಿ ನಕ್ಕಳು’ ಅಂತ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಗುತ್ತದೆ. ನಕ್ಕಿದ್ದು ನಿಜ. ಆ ನೋಟ ಸೇರಿಕೊಂಡಿದ್ದು ಆಮೇಲೆ.