ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಜಪಾನಿನ ವಿಸ್ಕಿ, ಸ್ಕಾಟ್ಲೆಂಡಿನ ಹೊಗೆ

ಪ್ರಶ್ನೆ: ನಮ್ಮ ಭಾವ ಟೋಕಿಯೊದಿಂದ ಬರುವಾಗ ಒಂದು ಜಪಾನಿ ವಿಸ್ಕಿ ತಂದುಕೊಟ್ಟರು. ಡಬ್ಬದ ಮೇಲೆ ‘ಪೀಟೆಡ್ ಕಾಸ್ಕ್ ಫಿನಿಶ್, 46%’ ಎಂದಿದೆ. ನಾಲ್ವರು ಕೂತು ಐಸ್, ಸೋಡಾ ಹಾಕಿ ಕುಡಿದೆವು. ಹೊಗೆ ಮೂಗಿಗೂ ಬರಲಿಲ್ಲ, ನಾಲಿಗೆಗೂ ಸಿಗಲಿಲ್ಲ. ಮಾಲು ಅಸಲಿಯೋ ಅಲ್ಲವೋ?
(ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಅನುಮಾನ ಬಾಟಲಿಯ ಮೇಲೆ ಬೇಡ, ಸೋಡಾದ ಮೇಲಿರಲಿ. 46%ರ 30 ಮಿ.ಲೀ.ಗೆ 120 ಮಿ.ಲೀ. ಸೋಡಾ ಸುರಿದರೆ ಲೋಟದಲ್ಲಿ ಉಳಿಯುವ ಮದ್ಯಸಾರ 9.2%. ಐಸ್ ಕರಗುತ್ತಾ ಹೋದಂತೆ ಇನ್ನೂ ಕಡಿಮೆ. ತಣ್ಣಗಾದಷ್ಟೂ ವಾಸನೆ ಮೇಲೇಳುವುದಿಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದ ಗಟ್ಟಿ ಹೊಗೆಯ ವಿಸ್ಕಿಯಾಗಿದ್ದರೆ ಇದನ್ನೆಲ್ಲ ತಡೆದುಕೊಂಡು ನಿಲ್ಲುತ್ತಿತ್ತು. ನಿಮ್ಮದು ಆ ಜಾತಿಯದಲ್ಲ.

ವಿಸ್ಕಿಗೆ ಹೊಗೆ ಸೇರಲು ಎರಡು ದಾರಿಗಳಿವೆ. ಒಂದು ಕಾಳಿನದು. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ ಮಾಲ್ಟ್ ಮಾಡುವಾಗ ಕೆಳಗೆ ಪೀಟ್ ಉರಿಸುತ್ತಾರೆ. ಜೌಗು ನೆಲದಲ್ಲಿ ಪಾಚಿ, ಹುಲ್ಲು, ಪೊದೆ ಸಾವಿರಾರು ವರ್ಷ ಅರೆಕೊಳೆತು ಆಗುವ ಮಣ್ಣಿನಂಥ ಉರುವಲು ಅದು. ಅದರ ಹೊಗೆಯಲ್ಲಿರುವ, ವಾಸನೆಗೆ ಕಾರಣವಾದ ಫೀನಾಲ್‌ಗಳು ಕಾಳಿಗೆ ಅಂಟುತ್ತವೆ. ಐಲಾದ ಭಟ್ಟಿಗಳಾದ ಲಗಾವುಲಿನ್, ಲಫ್ರೋಯಿಗ್, ಆರ್ಡ್‌ಬೆಗ್‌ಗಳ ಮಾಲ್ಟಿನಲ್ಲಿ ಅವು ಸುಮಾರು 35ರಿಂದ 55 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಇರುತ್ತವೆ. ಇನ್ನೊಂದು ಪೀಪಾಯಿಯ ದಾರಿ. 200 ಲೀಟರಿನ ಪೀಪಾಯಿಯಲ್ಲಿ ಹೊಗೆಯ ಸ್ಕಾಚ್ ವರ್ಷಗಟ್ಟಲೆ ಕೂತು ಖಾಲಿಯಾದ ಮೇಲೂ ಓಕ್ ಹಲಗೆಗಳು ಕೆಲವು ಲೀಟರ್ ಹೀರಿಕೊಂಡೇ ಇರುತ್ತವೆ. ಹೊಗೆಯಿಲ್ಲದ ಮಾಲ್ಟಿನಿಂದ ಮಾಡಿ ಬೇರೆ ಕಡೆ ಮಾಗಿಸಿದ ಜಪಾನಿ ವಿಸ್ಕಿಯನ್ನು ಕೊನೆಗೆ ಈ ಪೀಪಾಯಿಗೆ ತುಂಬಿ ಕೆಲವು ತಿಂಗಳು, ಕೆಲವೊಮ್ಮೆ ವರ್ಷದ ಮೇಲೆ ಬಿಡುತ್ತಾರೆ. ನಿಮ್ಮ ಡಬ್ಬದ ಮೇಲಿನ ‘ಪೀಟೆಡ್ ಕಾಸ್ಕ್ ಫಿನಿಶ್’ ಎಂದರೆ ಇದೇ. ಹಲಗೆಯೊಳಗಿನ ಹಳೆಯ ವಿಸ್ಕಿ ಹೊರಬಂದು ಬೆರೆಯುತ್ತದೆ. ಹೊಗೆ ಅಷ್ಟರಿಂದಲೇ ಬರಬೇಕು. ಅದೇ ಪೀಪಾಯಿಯನ್ನು ಎರಡನೇ ಸಲ ಬಳಸಿದರೆ ಇನ್ನೂ ತೆಳು. ಅಂಗಡಿಯವರನ್ನು ‘ಇದು ಎಷ್ಟು ಪಿಪಿಎಂ’ ಎಂದು ಕೇಳಿ ಪ್ರಯೋಜನವಿಲ್ಲ. ಆ ಲೆಕ್ಕ ಮಾಲ್ಟಿನದು, ಈ ಮಾಲ್ಟ್ ಹೊಗೆಯನ್ನೇ ಕಂಡಿಲ್ಲ.

ಪ್ರಶ್ನೆ: ಹಾಗಾದರೆ ಇಂಥದ್ದನ್ನು ಸವಿಯುವ ಕ್ರಮ ಹೇಗೆ? ಗ್ಲಾಸ್ ಯಾವುದು, ಅಳತೆ ಎಷ್ಟು, ನೀರು ಹಾಕಬಹುದೇ?
(ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ)

ಉತ್ತರ: 20 ಮಿ.ಲೀ. ಸಾಕು. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸ್ ಬೇಕು. ಗ್ಲೆನ್‌ಕೇರ್ನ್ ಸಿಕ್ಕರೆ ಸರಿ, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಆದೀತು. ಅಗಲ ಬಾಯಿಯ ಲೋಟದಲ್ಲಿ ಈ ತೆಳು ಹೊಗೆ ನಿಲ್ಲುವುದಿಲ್ಲ. ಸೋಪಿನ ವಾಸನೆ ಇದ್ದರೆ ಬಿಸಿನೀರಲ್ಲಿ ಜಾಲಿಸಿ ಗಾಳಿಗೆ ಒಣಗಿಸಿ, ಬಟ್ಟೆಯಿಂದ ಒರೆಸಬೇಡಿ.

ಮದ್ಯ ಸುಮಾರು 20 ಡಿಗ್ರಿಯಲ್ಲಿದ್ದರೆ ಒಳ್ಳೆಯದು. ಏಪ್ರಿಲ್‌ನ ನಮ್ಮ ಮನೆಗಳಲ್ಲಿ ಅದು 35ರ ಹತ್ತಿರ ಇರುತ್ತದೆ. ಆಗ ಸ್ಪಿರಿಟ್ಟಿನ ಘಾಟು ಮೊದಲು ಎದ್ದು ಮೂಗನ್ನು ಸುಡುತ್ತದೆ. ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಒಂದು-ಒಂದೂವರೆ ಗಂಟೆ ಇಟ್ಟರೆ ಸಾಕು, ಫ್ರೀಜರ್ ಬೇಡ.

ಸುರಿದು ಹತ್ತು ನಿಮಿಷ ಬಿಡಿ. ಗ್ಲಾಸನ್ನು ಮೊದಲು ಗದ್ದದ ಮಟ್ಟಕ್ಕೆ ಹಿಡಿದು, ಬಾಯಿ ಸ್ವಲ್ಪ ತೆರೆದು ಉಸಿರೆಳೆಯಿರಿ. ಆಮೇಲೆ ನಿಧಾನಕ್ಕೆ ಹತ್ತಿರ ತನ್ನಿ. ಜೋರಾಗಿ ತಿರುಗಿಸಬೇಡಿ. ಮೊದಲು ಸಿಗುವುದು ಜೇನು, ವೆನಿಲಾ, ಪೇರಲ ಜಾತಿಯ ಹಣ್ಣಿನ ಪರಿಮಳ. ಹೊಗೆ ಅದರ ಹಿಂದೆ ಇರುತ್ತದೆ, ಎರಡು ಬಗೆಯ ಫೀನಾಲ್ ಆಗಿ: ನೀರು ಚಿಮುಕಿಸಿ ಆರಿಸಿದ ಸೌದೆ ಒಲೆಯ ವಾಸನೆ ಗ್ವಾಯಕಾಲ್‌ನದು, ಆಸ್ಪತ್ರೆಯ ವಾಸನೆ ಕ್ರೆಸಾಲ್‌ನದು.

ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ನಾಲಿಗೆಯನ್ನು ಒಗ್ಗಿಸಲು. ಎರಡನೆಯದಕ್ಕೆ ಒಂದು ಟೀ ಚಮಚದಷ್ಟು ತೆಗೆದುಕೊಂಡು ಹತ್ತು ಸೆಕೆಂಡ್ ಬಾಯಲ್ಲಿ ಆಡಿಸಿ ನುಂಗಿ. ತುಟಿ ಮುಚ್ಚಿ ಉಸಿರನ್ನು ಮೂಗಿನಿಂದ ಹೊರಬಿಡಿ. ಪೀಪಾಯಿಯ ಹೊಗೆ ಇಲ್ಲಿಯೇ ಸಿಗುವುದು, ಗಂಟಲ ಹಿಂದಿನಿಂದ. ‘ಸಿಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ನುಂಗಿದ ತಕ್ಷಣ ಮಾತಿಗೆ ಇಳಿದಿರುತ್ತಾರೆ.

ನೀರು ಖಂಡಿತ ಹಾಕಿ, ಅಳೆದು ಹಾಕಿ. ಮೆಡಿಕಲ್ ಶಾಪಿನ 5 ಮಿ.ಲೀ. ಸಿರಿಂಜ್ (ಸೂಜಿ ಬೇಡ) ಇದಕ್ಕೆ ಹೇಳಿ ಮಾಡಿಸಿದ ಸಾಧನ. ವಿಸ್ಕಿಯ ಅಳತೆಯನ್ನು ಅದರ ಶೇಕಡಾವಾರಿನಿಂದ ಗುಣಿಸಿ, ಬೇಕಾದ ಶೇಕಡಾವಾರಿನಿಂದ ಭಾಗಿಸಿ, ಮೊದಲಿನ ಅಳತೆ ಕಳೆಯಿರಿ. 46%ರ 20 ಮಿ.ಲೀ.ಯನ್ನು 40%ಗೆ ತರಲು 3 ಮಿ.ಲೀ. ನೀರು, 50% ಆಗಿದ್ದರೆ 5 ಮಿ.ಲೀ. ಒಂದೇ ಸಲ ಹಾಕದೆ 1 ಮಿ.ಲೀ.ನಂತೆ ಹಾಕಿ ಪ್ರತಿ ಸಲ ಮೂಸಿ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಲೆಕ್ಕಾಚಾರದ ಪ್ರಕಾರ, ಮದ್ಯಸಾರ 45%ರವರೆಗೆ ಇರುವಾಗ ಗ್ವಾಯಕಾಲ್ ದ್ರವದ ಮೇಲ್ಮೈ ಬಳಿ ಸೇರುತ್ತದೆ, 59% ದಾಟಿದರೆ ಒಳಕ್ಕೆ ಸರಿಯುತ್ತದೆ. ಹೊಗೆಗೆ ನೀರು ನೆರವಾಗುವುದು ಹೀಗೆ. ಆದರೆ ಈ ಬಗೆಯ ವಿಸ್ಕಿಯನ್ನು 35%ರ ಕೆಳಗಿಳಿಸಿದರೆ ಹಣ್ಣೂ ಇಲ್ಲ, ಹೊಗೆಯೂ ಇಲ್ಲ.

ಖಾಲಿ ಗ್ಲಾಸನ್ನು ತೊಳೆಯದೆ ಅರ್ಧ ಗಂಟೆ ಬಿಟ್ಟು ಮೂಸಿ ನೋಡಿ. ಮದ್ಯಸಾರ ಹಾರಿಹೋಗಿರುತ್ತದೆ, ಭಾರವಾದ ಫೀನಾಲ್‌ಗಳು ಗಾಜಿಗೆ ಅಂಟಿಕೊಂಡಿರುತ್ತವೆ. ಪೀಪಾಯಿಯಲ್ಲಿ ನಿಜವಾಗಿ ಹೊಗೆ ಇತ್ತೋ ಇಲ್ಲವೋ ಎಂಬುದಕ್ಕೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದೇ ನಂಬಿಕಸ್ತ.

ಪ್ರಶ್ನೆ: ಬೋರ್ ನೀರು ಬೆರೆಸಿದರೆ ಏನಾಗುತ್ತದೆ?
(ಚಳ್ಳಕೆರೆ)

ಉತ್ತರ: ಗಡಸು ನೀರು ರುಚಿಯನ್ನು ಚಪ್ಪೆ ಮಾಡಿ ಉಪ್ಪಿನ ಛಾಯೆ ಬಿಡುತ್ತದೆ. ನಲ್ಲಿ ನೀರಿನದು ಬೇರೆ ತೊಂದರೆ: ಕ್ಲೋರಿನ್. ಕ್ಲೋರಿನ್ ಮತ್ತು ಫೀನಾಲ್ ಕೂಡಿದರೆ ಹುಟ್ಟುವ ಕ್ಲೋರೊಫೀನಾಲ್ ಅತ್ಯಲ್ಪ ಇದ್ದರೂ ಔಷಧಿ ವಾಸನೆ ಕೊಡುತ್ತದೆ. ಅದನ್ನು ಪೀಟಿನ ಗುಣ ಎಂದು ಬಗೆದು ಹೊಗಳುವವರೂ ಇದ್ದಾರೆ! ಆರ್‌ಒ ನೀರು ಅಥವಾ ಬಾಟಲಿ ನೀರು ಬಳಸಿ. ಎರಡೂ ಇಲ್ಲದಿದ್ದರೆ ನಲ್ಲಿ ನೀರನ್ನು ಕುದಿಸಿ ಆರಿಸಿ.

ಪ್ರಶ್ನೆ: ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಇರಲೇಬೇಕು ಎನ್ನುತ್ತಾರೆ ಗೆಳೆಯರು. ಬೆಣ್ಣೆ ದೋಸೆ ತಿಂದು ಕೂತರೂ ನಡೆಯುತ್ತದೆಯೇ?
(ವಿದ್ಯಾನಗರ, ದಾವಣಗೆರೆ)

ಉತ್ತರ: ಕೂರಲು ನಡೆಯುತ್ತದೆ, ಸವಿಯಲು ನಡೆಯುವುದಿಲ್ಲ. ಮಿರ್ಚಿಯ ಖಾರಕ್ಕೆ ಮದ್ಯಸಾರ ಸೇರಿದರೆ ಬಾಯಿ ಇನ್ನಷ್ಟು ಉರಿಯುತ್ತದೆ; ಉರಿಯುವ ನಾಲಿಗೆಗೆ ಸೂಕ್ಷ್ಮ ಹೊಗೆ ಹತ್ತುವುದಿಲ್ಲ. ದೋಸೆಯ ಬೆಣ್ಣೆ ನಾಲಿಗೆಗೆ ಪದರ ಕಟ್ಟುತ್ತದೆ. ಒಗ್ಗರಣೆ, ಬೆಳ್ಳುಳ್ಳಿ, ಖಾರದ ಪುಡಿ ಯಾವುದೂ ಇಲ್ಲದ ಬರಿಯ ಮಂಡಕ್ಕಿ ಮಾತ್ರ ಬಹಳ ಒಳ್ಳೆಯದು: ಎರಡು ಗುಟುಕುಗಳ ನಡುವೆ ನಾಲ್ಕು ಕಾಳು ಅಗಿದು ನೀರು ಕುಡಿದರೆ ಬಾಯಿ ಶುದ್ಧವಾಗುತ್ತದೆ. ಮಿರ್ಚಿ ಕೊನೆಯ ಗ್ಲಾಸ್ ಮುಗಿದ ಮೇಲೆ ಬರಲಿ, ಯಾರದೂ ಅಡ್ಡಿಯಿಲ್ಲ.

ಎಲೆ ಅಡಿಕೆಯವರಿಗೆ ಒಂದು ಮಾತು. ಅಡಿಕೆಯ ಟ್ಯಾನಿನ್ ಬಾಯನ್ನು ಒಗರು ಮಾಡಿ ಒಣಗಿಸುತ್ತದೆ, ಸುಣ್ಣ ನಾಲಿಗೆಯನ್ನು ಕೆರಳಿಸುತ್ತದೆ. ಎರಡು ಗಂಟೆ ಮೊದಲೇ ನಿಲ್ಲಿಸಿ. ದೇವರ ಮನೆಯ ಊದುಬತ್ತಿ, ಸಾಂಬ್ರಾಣಿ, ಕೂಲರಿನ ಲಾವಂಚದ ಪ್ಯಾಡ್ ಕೂಡ ಮೂಗಿನ ದಾರಿ ತಪ್ಪಿಸುತ್ತವೆ. ಸಿಗರೇಟು ಹಚ್ಚಿದ ಕೋಣೆಯಲ್ಲಂತೂ ಈ ಬಾಟಲಿ ತೆರೆಯಲೇಬೇಡಿ.

ಪ್ರಶ್ನೆ: ಸ್ಕಾಚ್ ಪೀಪಾಯಿಯಲ್ಲಿ ಇಟ್ಟದ್ದು ಜಪಾನಿ ವಿಸ್ಕಿ ಹೇಗಾಗುತ್ತದೆ?
(ಹರಿಹರ)

ಉತ್ತರ: ಆಗುತ್ತದೆ. ಜಪಾನಿನ ಮದ್ಯ ತಯಾರಕರ ಸಂಘ 2021ರಲ್ಲಿ ತಂದು, 2024ರ ಏಪ್ರಿಲ್‌ನಿಂದ ಪೂರ್ತಿ ಅನ್ವಯಿಸಿದ ನಿಯಮದಲ್ಲಿ ಪೀಪಾಯಿ ಮರದ್ದಾಗಿರಬೇಕು, 700 ಲೀಟರ್ ಮೀರಬಾರದು ಎಂದಷ್ಟೇ ಇದೆ. ಮೊದಲು ಅದರಲ್ಲಿ ಏನಿತ್ತು ಎಂಬ ನಿರ್ಬಂಧವಿಲ್ಲ. ನೀರು ಜಪಾನಿನದಾಗಿರಬೇಕು, ಹುದುಗು, ಭಟ್ಟಿ, ಕನಿಷ್ಠ 3 ವರ್ಷದ ಮಾಗುವಿಕೆ, ಬಾಟಲಿ ತುಂಬುವುದು ಎಲ್ಲವೂ ಅಲ್ಲಿಯೇ ಆಗಬೇಕು. ಮಾಲ್ಟ್ ಮತ್ತಿತರ ಧಾನ್ಯ ಮಾತ್ರ ಹೊರಗಿನಿಂದ ಬರಬಹುದು. ಇದು ಸಂಘದ ಸದಸ್ಯರು ಒಪ್ಪಿಕೊಂಡ ನಿಯಮ, ಸರ್ಕಾರದ ಕಾಯ್ದೆಯಲ್ಲ. ಆದ್ದರಿಂದ ಲೇಬಲ್ಲಿನಲ್ಲಿ ‘ಜಪಾನೀಸ್ ವಿಸ್ಕಿ’ ಎಂದಿದೆಯೋ, ಬರೀ ‘ವಿಸ್ಕಿ’ ಅಥವಾ ‘ವರ್ಲ್ಡ್ ವಿಸ್ಕಿ’ (ಹಲವು ದೇಶಗಳ ವಿಸ್ಕಿ ಬೆರೆಸಿದ್ದು) ಎಂದಿದೆಯೋ ನೋಡಿ. ಅಂದಹಾಗೆ ಹೊಗೆ ಜಪಾನಿಗೆ ಹೊಸದಲ್ಲ. 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಕಲಿತುಬಂದ ಮಸತಾಕ ತಕೆತ್ಸುರು 1934ರಲ್ಲಿ ಹೊಕ್ಕೈಡೊದ ಯೊಯಿಚಿಯಲ್ಲಿ ಕಟ್ಟಿದ ಭಟ್ಟಿ ಇಂದಿಗೂ ಹೊಗೆಯ ಮಾಲ್ಟಿಗೆ ಹೆಸರಾಗಿದೆ.

ಪ್ರಶ್ನೆ: ಹೋಲಿಸಿ ನೋಡಲು ನಮ್ಮಲ್ಲಿ ಸಿಗುವ ಬಾಟಲಿ ಯಾವುದು?
(ಹೊಳಲ್ಕೆರೆ)

ಉತ್ತರ: ಬೆಂಗಳೂರಿನ ಅಮೃತ್ ಫ್ಯೂಷನ್. ಅದರಲ್ಲಿ ಕಾಲು ಪಾಲು ಸ್ಕಾಟ್ಲೆಂಡಿನ ಪೀಟೆಡ್ ಬಾರ್ಲಿ, ಉಳಿದದ್ದು ಭಾರತದ ಬಾರ್ಲಿ. ಅಂದರೆ ಕಾಳಿನಿಂದ ಬಂದ ಹೊಗೆ. 50% ಇರುವುದರಿಂದ ಮೇಲಿನ ಲೆಕ್ಕದಂತೆ ನೀರು ಹಾಕಿ ಸಮಕ್ಕೆ ತನ್ನಿ. ಕೈಗೆಟುಕುವ ಬೆಲೆಯದು ಬೇಕಿದ್ದರೆ ಟೀಚರ್ಸ್ ಹೈಲ್ಯಾಂಡ್ ಕ್ರೀಮ್, ಆರ್ಡ್‌ಮೋರ್ ಭಟ್ಟಿಯ ಹೊಗೆ ಅದರಲ್ಲಿದೆ. ತಲಾ 15 ಮಿ.ಲೀ.; ಮೊದಲು ಹೊಗೆಯಿಲ್ಲದ ಯಾವುದಾದರೂ ವಿಸ್ಕಿ, ಆಮೇಲೆ ಪೀಪಾಯಿಯ ಹೊಗೆಯ ಜಪಾನಿನದು, ಕೊನೆಗೆ ಕಾಳಿನ ಹೊಗೆಯದು. ಕ್ರಮ ತಿರುಗಿಸಿದರೆ ಜಪಾನಿನದು ಬರೀ ಸಿಹಿನೀರೆನಿಸುತ್ತದೆ. ಮೂರು ಗ್ಲಾಸ್ ಸೇರಿದರೂ ಒಂದೂವರೆ ಪೆಗ್ ಎಂದು ಬೈಕ್ ಹತ್ತಬೇಡಿ.

ಪ್ರಶ್ನೆ: ತೆರೆದ ಬಾಟಲಿ ನಮ್ಮ ಬಿಸಿಲಿಗೆ ಎಷ್ಟು ದಿನ ತಡೆಯುತ್ತದೆ?
(ಹಿರಿಯೂರು)

ಉತ್ತರ: ಕೆಡುವುದಿಲ್ಲ, ಸಪ್ಪೆಯಾಗುತ್ತದೆ. ಮೊದಲು ಕರಗುವುದು ಈ ಹೊಗೆಯೇ. ಬೀರುವಿನ ಕೆಳಖಾನೆಯಲ್ಲಿ, ಕತ್ತಲಲ್ಲಿ, ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಸ್ಪಿರಿಟ್ ಕಾರ್ಕನ್ನು ತಿನ್ನುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಆರು ತಿಂಗಳಿಗೆ ಭಯವಿಲ್ಲ. ಮೂರನೇ ಒಂದು ಭಾಗಕ್ಕೆ ಇಳಿದ ಮೇಲೆ ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿಡಿ. ಕೆಮ್ಮಿನ ಸಿರಪ್ಪಿನ ಹಳೆಯ ಬಾಟಲಿ ಎಷ್ಟು ತೊಳೆದರೂ ಬೇಡ, ಮುಚ್ಚಳದ ಒಳಪದರದಲ್ಲಿ ಆ ವಾಸನೆ ಉಳಿದೇ ಇರುತ್ತದೆ.