ಕಿವಿಗೆ ಬಿದ್ದರೂ ಅರ್ಥವಾಗದ ಮಾತು

ಪ್ರಶ್ನೆ: ಮಗನಿಗೆ ಐದು ವರ್ಷ, ಯುಕೆಜಿ. ಆಟದಲ್ಲಿ ಚುರುಕು, ಮಾತೂ ಆಡುತ್ತಾನೆ. ಆದರೆ ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನೇ ಮಾಡುತ್ತಾನೆ. ‘ಯಾಕೆ ಅಳ್ತಿದ್ದೀಯ?’ ಎಂದರೆ ‘ಸ್ಕೂಲಲ್ಲಿ’ ಎನ್ನುತ್ತಾನೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ ಎನ್ನುತ್ತಾರೆ ಟೀಚರ್. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಕನ್ನಡ ಬಿಡಬೇಡಿ. ಎರಡು ಭಾಷೆ ಕೇಳಿದ್ದರಿಂದ ಈ ತೊಂದರೆ ಬರುವುದಿಲ್ಲ. ನಿಮಗೇ ಸಲೀಸಲ್ಲದ ಇಂಗ್ಲಿಷಿನಲ್ಲಿ ಮಾತಾಡತೊಡಗಿದರೆ ಅವನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೂಗಿದರೆ ತಿರುಗುತ್ತಾನಲ್ಲ ಎಂದು ಸುಮ್ಮನಾಗಬೇಡಿ. ಪದೇಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿತಮಟೆಯ ಹಿಂದೆ ದ್ರವ ತುಂಬಿ, ಕೆಲವು ದಿನ ಸರಿಯಾಗಿ, ಕೆಲವು ದಿನ ಮಂದವಾಗಿ ಕೇಳಿಸುವುದುಂಟು. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ ಟಿಂಪನೋಮೆಟ್ರಿಯನ್ನೂ, ಅಂದರೆ ಕಿವಿತಮಟೆಯ ಹಿಂದೆ ದ್ರವ ಇದೆಯೇ ಎಂದು ತಿಳಿಸುವ ಪರೀಕ್ಷೆಯನ್ನೂ ಕೇಳಿ. ನೋವಿಲ್ಲ, ಕೆಲವೇ ನಿಮಿಷದ ಕೆಲಸ.

ಆಮೇಲೆ, ಅವನಿಗೆ ನಿಜಕ್ಕೂ ಎಷ್ಟು ಅರ್ಥವಾಗುತ್ತದೆ ಎಂದು ನೋಡಿ. ಬಾಗಿಲಲ್ಲಿ ನಿಂತು ‘ಚಪ್ಪಲಿ ಹಾಕ್ಕೋ’ ಎಂದರೆ ಯಾವ ಮಗುವೂ ಹಾಕಿಕೊಳ್ಳುತ್ತದೆ, ಮಾತೇ ಬೇಕಿಲ್ಲ. ಒಂದು ದೊಡ್ಡ ಲೋಟ, ಒಂದು ಚಿಕ್ಕ ಲೋಟ, ಒಂದು ತಟ್ಟೆ, ಒಂದು ಚಮಚ, ಒಂದು ನಿಂಬೆಹಣ್ಣು ಮುಂದಿಡಿ. ನಿಮ್ಮ ಕೈ ಮಡಿಲಲ್ಲಿರಲಿ, ಕಣ್ಣು ಅವನ ಮುಖದ ಮೇಲಿರಲಿ: ನೀವು ವಸ್ತುವಿನತ್ತ ನೋಡಿದರೂ ಅವನಿಗೆ ಸುಳಿವು ಸಿಕ್ಕಿಬಿಡುತ್ತದೆ. ‘ಚಮಚ ಲೋಟದೊಳಗೆ ಇಡು’ ಅನ್ನುವುದು ಊಹೆಗೇ ನಿಲುಕುತ್ತದೆ. ‘ನಿಂಬೆಹಣ್ಣು ತಟ್ಟೆ ಕೆಳಗೆ ಇಡು’ ಎನ್ನಿ. ಹತ್ತರಲ್ಲಿ ಎಂಟು ಸಲ ಸರಿಯಾದರೆ ಮಾತ್ರ ಇನ್ನೊಂದು ಪದ ಸೇರಿಸಿ: ‘ದೊಡ್ಡ ಲೋಟದ ಹಿಂದೆ’. ದಿನಕ್ಕೆ ಹತ್ತು ನಿಮಿಷ ಸಾಕು. ಟಿವಿ ಆಫ್ ಆಗಿರಲಿ.

ಹೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ. ಮಗು ಮೊದಲ ವಾಕ್ಯವನ್ನೇ ಅರಗಿಸಿಕೊಳ್ಳುತ್ತಿರುವಾಗ ಅಜ್ಜಿ ಒಂದು ಥರ, ಅಪ್ಪ ಇನ್ನೊಂದು ಥರ ಹೇಳಿ ಹೊಸ ವಾಕ್ಯ ತುರುಕುತ್ತಾರೆ. ಎರಡನೇ ಸಲವೂ ಅದೇ ಪದಗಳಲ್ಲೇ ಹೇಳಿ. ಆಗಲೂ ಆಗದಿದ್ದರೆ ಚಿಕ್ಕದು ಮಾಡಿ, ಕೈಹಿಡಿದು ಮಾಡಿಸಿ.

ಕನ್ನಡದಲ್ಲಿ ಅರ್ಥದ ಬಹುಭಾಗ ಪದದ ಬಾಲದಲ್ಲಿರುತ್ತದೆ, ನಾವು ನುಂಗುವುದೂ ಅದನ್ನೇ. ‘ಓಡಬೇಡ’ ಎಂದರೆ ಇಂಥ ಮಗುವಿಗೆ ‘ಓಡು’ ಅಷ್ಟೇ ಸಿಕ್ಕಬಹುದು, ‘ನಿಲ್ಲು’ ಎನ್ನಿ. ‘ನಾಯಿನ ಬೆಕ್ಕು ಅಟ್ಟಿಸ್ಕೊಂಡು ಹೋಯ್ತು’ ಎಂದರೆ ಮೊದಲು ಕೇಳಿದ ನಾಯಿಯೇ ಅಟ್ಟಿಸಿತು ಎಂದುಕೊಳ್ಳುತ್ತಾನೆ. ಆ ‘ನ’ವನ್ನು ಒತ್ತಿ ಹೇಳಿ, ಆಟಿಕೆಯಲ್ಲಿ ಆಡಿ ತೋರಿಸಿ. ‘ಸ್ನಾನಕ್ಕೆ ಮುಂಚೆ ಹಾಲು ಕುಡಿ’ ಬೇಡ, ‘ಹಾಲು ಕುಡಿ. ಆಮೇಲೆ ಸ್ನಾನ’ ಎನ್ನಿ.

‘ಯಾಕೆ’ ಕಷ್ಟದ ಪ್ರಶ್ನೆ. ಏನು, ಯಾರು, ಎಲ್ಲಿ ಗಟ್ಟಿಯಾದ ಮೇಲೆ ಅದು. ಅಲ್ಲಿಯವರೆಗೆ ಆಯ್ಕೆ ಕೊಡಿ: ‘ಬಿದ್ದಿದ್ದಕ್ಕೆ ಅಳ್ತಿದ್ದೀಯಾ, ಹಸಿವಾಗಿದ್ದಕ್ಕಾ?’ ಆಯ್ಕೆಗಳ ಜಾಗ ಬದಲಿಸುತ್ತಿರಿ. ಕೊನೆಗೆ ಕೇಳಿದ್ದನ್ನೇ ಒಪ್ಪಿಸುವ ಮಕ್ಕಳಿರುತ್ತಾರೆ.

ಮನೆಯ ಆಟ ನಡೆಯಲಿ, ಆದರೆ ಐದು ವರ್ಷವಾಗಿರುವುದರಿಂದ ಸ್ಪೀಚ್ ಥೆರಪಿಸ್ಟ್ ಭೇಟಿಯನ್ನು ಮುಂದೂಡಬೇಡಿ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ, ಭಾಷೆ ಎರಡರ ಪರೀಕ್ಷೆಯೂ ಆಗುತ್ತದೆ. ಬರುತ್ತಿದ್ದ ಮಾತು ನಿಂತರೆ, ಹೆಸರು ಕರೆದರೂ ತಿರುಗದಿದ್ದರೆ ಒಂದು ದಿನವೂ ಕಾಯಬೇಡಿ. ಹೋಗುವಾಗ ಮನೆಯಲ್ಲಿ ಅವನು ಆಡುವ, ಮಾತಾಡುವ ಮೂರು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದೇ ಕಷ್ಟ.