ಶಿವಮೊಗ್ಗದಿಂದ ಗಾಜನೂರಿಗೆ ಸಹಾಯಾರ್ಥ ನಡಿಗೆ ಇಟ್ಟುಕೊಂಡಿದ್ದೇವೆ. ಹೊಸ ರೀತಿಯಲ್ಲಿ ಹಣ ಕೂಡಿಸುವುದು ಹೇಗೆ?

ಸುಮ್ನೆ ಡಬ್ಬಿ ಹಿಡಿದು ಅಂಗಡಿ ಅಂಗಡಿ ಸುತ್ತಬೇಡಿ. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ತಾಳಮದ್ದಲೆ, ಅಂದರೆ ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷ ಬೇಡ, ರಂಗಸಜ್ಜಿಕೆ ಬೇಡ. ಹಾಡುವ ಭಾಗವತರು, ಚೆಂಡೆ, ಮದ್ದಲೆ, ಪಾತ್ರಗಳ ಮಾತಾಡುವ ನಾಲ್ಕು ಜನ ಅರ್ಥಧಾರಿಗಳು ಇದ್ದರೆ ಯಾರದೋ ಮನೆ ಅಂಗಳದಲ್ಲೇ ಆಗುತ್ತದೆ. ಖರ್ಚು ಕಡಿಮೆ, ಜನ ಕೂತು ಕೇಳುತ್ತಾರೆ. ಪಕ್ಕದಲ್ಲೇ ಬಿಸಿ ಕಡುಬು, ಮನೆಯಲ್ಲೇ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಮಾರಾಟಕ್ಕಿಡಿ. ಮಿಡಿ ಗಟ್ಟಿಯಾಗಿ ಕರುಂ ಅನ್ನುವಂತಿದ್ದರೆ ಬಾಟ್ಲಿ ಉಳಿಯುವುದೇ ಇಲ್ಲ.

ಗಾಜನೂರು ಅಣೆಕಟ್ಟಿಗೆ ಸುಮಾರು 12 ಕಿಲೋಮೀಟರ್ ಅಲ್ವಾ? ಕಿಲೋಮೀಟರಿಗೆ ಇಷ್ಟು ಅಂತ ನೆಂಟರಿಷ್ಟರಿಂದ ಮೊದಲೇ ಮಾತು ತಗೊಳ್ಳಿ. ಅಡಿಕೆ ಮಾರಿ ಕೈಯಲ್ಲಿ ಕಾಸು ಓಡಾಡುವ ಸಮಯದಲ್ಲಿ ಕೇಳಿದರೆ ಜಾಸ್ತಿ ಸಿಗುತ್ತದೆ.

ಸಂಸ್ಥೆಗೆ ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ನೋಂದಣಿ (80ಜಿ ಅಂತ ಕರೆಯುವುದು) ಇದ್ದರೆ ರಸೀದಿ ಕೊಡಿ. 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ವಿನಾಯಿತಿ ಇಲ್ಲ, ದೊಡ್ಡ ಮೊತ್ತವನ್ನು ಖಾತೆಗೇ ಹಾಕಿಸಿಕೊಳ್ಳಿ.